ಕಾಣದ ಅಲೆಗಳೂ ಬೇಸಾಯಗಾರನೂ

ಬೇಸಾಯಗಾರನು ತನ್ನ ಕಣ್ಣಿಗೆ ಕಾಣುವ ಶತ್ರುಗಳನ್ನು ಚೆನ್ನಾಗಿ ಬಲ್ಲನು. ಹುಳುವನ್ನೂ ಕಳೆಯನ್ನೂ ಕಾಡುಹಂದಿಯನ್ನೂ ಎದುರಿಸುವ ಉಪಾಯಗಳು ಅವನಿಗೆ ತಲೆಮಾರುಗಳಿಂದ ಬಂದಿವೆ. ಕಣ್ಣಿಗೆ ಕಾಣದ ಸಂಗತಿಗಳ ವಿಷಯದಲ್ಲಿ ಮಾತ್ರ ಹಾಗಿಲ್ಲ. ಅಲ್ಲಿ ಅನುಭವವು ಇರಬೇಕಾದ ಸ್ಥಾನವನ್ನು ಊಹೆಯೂ ಗಾಳಿಮಾತೂ ಆಕ್ರಮಿಸಿಕೊಳ್ಳುತ್ತವೆ. ವಿದ್ಯುತ್ಕಾಂತ ತರಂಗಗಳೆಂಬ ಅಲೆಗಳ ವಿಷಯದಲ್ಲಿ ಈಗ ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿರುವುದೂ ಇದೇ. ಮೊಬೈಲು ಗೋಪುರವನ್ನು ಕಂಡು ಬೆದರುವ ಜನರೇ, ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿಗೆ ಯಾವ ಮರೆಯೂ ಇಲ್ಲದೆ ನಾಲ್ಕು ಗಂಟೆ ಕಾಲ ಕೆಲಸ ಮಾಡುತ್ತಾರೆ. ಬೆಸುಗೆಯ ಕಿಡಿಯನ್ನು ಬರಿಗಣ್ಣಿನಿಂದ ನೋಡುತ್ತಾರೆ. ಭಯಪಡಬೇಕಾದಲ್ಲಿ ಭಯವಿಲ್ಲ, ಅಷ್ಟಾಗಿ ಭಯಪಡಬೇಕಿಲ್ಲದಲ್ಲಿ ಬಹಳ ಭಯ. ಈ ವಿಪರೀತವನ್ನು ಸರಿಪಡಿಸುವುದು ಕೃಷಿ ಶಿಕ್ಷಣದ ಒಂದು ಅಂಗವಾಗಬೇಕೆಂಬುದೇ ಈ ಲೇಖನದ ಅಭಿಪ್ರಾಯವಾಗಿರುತ್ತದೆ.

ಅಲೆಗಳ ಸ್ವರೂಪ

ಸೂರ್ಯನ ಬೆಳಕು, ಒಲೆಯ ಮುಂದೆ ಕುಳಿತಾಗ ಮುಖಕ್ಕೆ ತಾಗುವ ಕಾವು, ರೇಡಿಯೋ ಪೆಟ್ಟಿಗೆಗೆ ಬರುವ ಸಂದೇಶ, ಆಸ್ಪತ್ರೆಯಲ್ಲಿ ಎಲುಬಿನ ಚಿತ್ರವನ್ನು ತೆಗೆಯುವ ಎಕ್ಸ್‌-ಕಿರಣ, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು. ಎಲ್ಲವೂ ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ವೇಗದಿಂದ ಚಲಿಸುತ್ತವೆ. ಬೆಳಕು ಇಂಥ ಒಂದು ಅಲೆಯೆಂದು ೧೮೬೫ರಲ್ಲಿ ಮ್ಯಾಕ್ಸ್‌ವೆಲ್ಲನು ಗಣಿತದಿಂದ ತೋರಿಸಿಕೊಟ್ಟನು. ೧೮೮೭-೮೮ರಲ್ಲಿ ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯು ಕಣ್ಣಿಗೆ ಕಾಣದ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿದನು. ೧೮೯೫ರ ಸುಮಾರಿಗೆ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇಂಥ ಅಲೆಗಳನ್ನು ಗೋಡೆಗಳ ಮೂಲಕ ಹಾಯಿಸಿ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ ತೋರಿಸಿದರು. ಮುಂದೆ ಸಸ್ಯಗಳ ಸಂವೇದನೆಯನ್ನು ಪರೀಕ್ಷಿಸಿ ಪ್ರಸಿದ್ಧರಾದವರೂ ಇದೇ ಮಹನೀಯರು.

ಈ ಅಲೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೆಲ್ಲ ಅಲೆಯ ಉದ್ದದಲ್ಲಿದೆ. ಮಧ್ಯಮ ತರಂಗದ ರೇಡಿಯೋ ಅಲೆಯ ಉದ್ದವು ನೂರಾರು ಮೀಟರು, ಎಫ್.ಎಂ. ರೇಡಿಯೋ ಅಲೆಯದು ಸುಮಾರು ೩ ಮೀಟರು. ಮೊಬೈಲಿಗೆ ಹೆಚ್ಚಾಗಿ ಬಳಸುವ ಅಲೆಗಳದು ಒಂದೂವರೆ ಅಡಿಯಿಂದ ಮೂರು ನಾಲ್ಕು ಅಂಗುಲದವರೆಗೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯಾದರೋ ಒಂದು ಮಿಲಿಮೀಟರಿನ ಹತ್ತು ಸಾವಿರ ಭಾಗಗಳಲ್ಲಿ ನಾಲ್ಕರಿಂದ ಏಳು ಭಾಗಗಳಷ್ಟು ಮಾತ್ರ. ಅದಕ್ಕಿಂತಲೂ ಗಿಡ್ಡನೆಯವು ಅತಿನೇರಳೆ ಕಿರಣಗಳು; ಅವುಗಳಿಗಿಂತ ಗಿಡ್ಡನೆಯವು ಎಕ್ಸ್‌-ಕಿರಣಗಳೂ ಗಾಮಾ ಕಿರಣಗಳೂ ಆಗಿರುತ್ತವೆ.

ಅಲೆಯ ಉದ್ದ ಕಡಮೆಯಾದಷ್ಟೂ ಅದರ ಒಂದೊಂದು ಹೊಡೆತದ ಬಲವು ಹೆಚ್ಚುತ್ತದೆ. ಸೋನೆಮಳೆಯು ದಿನವೆಲ್ಲ ಸುರಿದರೂ ಮಾಡಿನ ಹೆಂಚು ಒಡೆಯುವುದಿಲ್ಲ, ನೆನೆಯುವುದಷ್ಟೇ. ಆದರೆ ದಪ್ಪನೆಯ ಒಂದೇ ಆಲಿಕಲ್ಲು ಹೆಂಚನ್ನು ಸೀಳಬಲ್ಲದು. ರೇಡಿಯೋ ಮತ್ತು ಮೊಬೈಲಿನ ಅಲೆಗಳು ಸೋನೆಮಳೆಯಂತೆ. ಅವು ಅತಿ ಹೆಚ್ಚಾದರೆ ಮೈಯನ್ನು ಬಿಸಿ ಮಾಡಬಲ್ಲವು. ಜೀವಕಣಗಳೊಳಗಿನ ರಾಸಾಯನಿಕ ಬಂಧನವನ್ನು ಒಡೆಯುವಷ್ಟು ಬಲವು ಅವಕ್ಕೆ ಇಲ್ಲ. ಅತಿನೇರಳೆಯಿಂದ ಮುಂದಿನ ಕಿರಣಗಳು ಆಲಿಕಲ್ಲಿನಂತೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ವಿಚಾರವೆಲ್ಲ ಸುಲಭವಾಗುವುದು.

ನಮಗಾಗುತ್ತಿರುವ ಉಪಕಾರ

ಬೇಸಾಯವೆಂಬುದೇ ವಿದ್ಯುತ್ಕಾಂತ ತರಂಗಗಳ ಕೊಯ್ಲು ಎಂದರೆ ಅತಿಶಯೋಕ್ತಿಯಾಗಲಾರದು. ಪೈರಿನ ಎಲೆಯು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಂಡು ಆಹಾರವನ್ನು ತಯಾರಿಸುತ್ತದೆ; ಹಸಿರನ್ನು ಅಷ್ಟಾಗಿ ಬಳಸದೆ ಹಿಂದಕ್ಕೆ ಕಳುಹಿಸುವುದರಿಂದಲೇ ಹೊಲವು ನಮಗೆ ಹಸುರಾಗಿ ಕಾಣುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನಂತೂ ಆರೋಗ್ಯವಾದ ಎಲೆಯು ಬಹುಪಾಲು ಹಿಂದಕ್ಕೆ ಚಿಮ್ಮಿಸುತ್ತದೆ. ಸೊರಗಿದ ಎಲೆಯು ಹಾಗೆ ಮಾಡದು. ಉಪಗ್ರಹಗಳು ಈ ವ್ಯತ್ಯಾಸವನ್ನು ಅಳೆದು ಯಾವ ಸೀಮೆಯಲ್ಲಿ ಪೈರು ಒಣಗುತ್ತಿದೆಯೆಂಬುದನ್ನು ಆಕಾಶದಿಂದಲೇ ತಿಳಿಸುತ್ತವೆ. ಬರಗಾಲದ ಅಂದಾಜಿನಲ್ಲಿ ಇದರ ಉಪಯೋಗವು ಬಹಳ.

ಮಳೆಗಾಲದಲ್ಲಿ ಮೋಡವು ಕವಿದಿರುವಾಗ ಬೆಳಕಿನಿಂದ ನೆಲವನ್ನು ನೋಡುವುದು ಸಾಧ್ಯವಿಲ್ಲ. ಆದರೆ ಒಂದು ಗೇಣಿನಷ್ಟು ಉದ್ದದ ರೇಡಿಯೋ ಅಲೆಗಳಿಗೆ ಮೋಡವು ಅಡ್ಡಿಯಾಗುವುದಿಲ್ಲ. ೨೦೨೫ರ ಜುಲೈ ೩೦ರಂದು ಶ್ರೀಹರಿಕೋಟೆಯಿಂದ ಹಾರಿಸಲಾದ ನೈಸಾರ್ ಉಪಗ್ರಹದಲ್ಲಿ ಇಂಥ ರೇಡಾರುಗಳು ಎರಡಿವೆ. ನೆಲದ ತೇವವನ್ನು ಅಳೆಯುವುದು ಅದರ ಉದ್ದೇಶಗಳಲ್ಲಿ ಒಂದು. ೨೦೨೪ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-೩ಡಿಎಸ್ ಎಂಬುದು ಮೋಡಗಳ ನೆತ್ತಿಯ ಉಷ್ಣತೆಯನ್ನು ಅವಕೆಂಪು ಕಿರಣಗಳ ಮೂಲಕ ಕಾಣುತ್ತದೆ. ರಾತ್ರಿಯಲ್ಲಿಯೂ ಮಳೆಯ ಮುನ್ಸೂಚನೆಗೆ ಇದೇ ಆಧಾರ.

ಸಂದೇಶವನ್ನು ಮುಟ್ಟಿಸುವ ಕೆಲಸವಂತೂ ಎಲ್ಲರಿಗೂ ತಿಳಿದದ್ದೇ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿ ನಿಲಯಕ್ಕೆ ಆಕಾಶವಾಣಿಯೆಂಬ ಹೆಸರು ಬಂತು. ಆಮೇಲೆ ರೇಡಿಯೋದ ಕೃಷಿ ಕಾರ್ಯಕ್ರಮಗಳು ಹೊಸ ತಳಿಗಳ ಸಮಾಚಾರವನ್ನೂ ಮಾರುಕಟ್ಟೆಯ ಧಾರಣೆಯನ್ನೂ ಹಟ್ಟಿ ಹಟ್ಟಿಗೆ ಮುಟ್ಟಿಸಿದವು. ಈಗ ಆ ಕೆಲಸದ ಬಹುಭಾಗವನ್ನು ಕೈಯಲ್ಲಿರುವ ದೂರವಾಣಿಯು ಮಾಡುತ್ತಿದೆ. ಸಿಡಿಲು ಹೊಡೆದಾಗ ಅದರಿಂದ ರೇಡಿಯೋ ಅಲೆಗಳು ಹೊರಡುತ್ತವೆ. ಹಲವು ಠಾಣೆಗಳಲ್ಲಿ ಅವನ್ನು ಹಿಡಿದು, ಸಿಡಿಲು ಎಲ್ಲಿ ಬಿತ್ತೆಂಬುದನ್ನು ಕ್ಷಣಮಾತ್ರದಲ್ಲಿ ಲೆಕ್ಕಹಾಕಿ, ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ರೂಪಿಸಿದ ‘ದಾಮಿನಿ’ ಎಂಬ ಆಪ್ ಸುತ್ತಣ ಜನರಿಗೆ ಎಚ್ಚರಿಕೆ ಕೊಡುತ್ತದೆ. ೨೦೨೨ನೆಯ ಇಸವಿಯಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು ೨,೮೮೭ ಮಂದಿ ಎಂದು ಸರ್ಕಾರದ ಲೆಕ್ಕಗಳು ಹೇಳುತ್ತವೆ. ಬಯಲಿನಲ್ಲಿ ಕೆಲಸ ಮಾಡುವವನಿಗೆ ಈ ಅಪಾಯವು ಎಲ್ಲರಿಗಿಂತ ಹೆಚ್ಚು. ದೂರವಾಣಿಯು ಸಿಡಿಲನ್ನು ಸೆಳೆಯುತ್ತದೆಂಬ ನಂಬಿಕೆಯಿಂದ, ಗುಡುಗು ಕೇಳಿದ ಕೂಡಲೇ ಅದನ್ನು ಆರಿಸಿಬಿಡುವವರಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲ. ಗೋಡೆಗೆ ತಂತಿಯಿಂದ ಸಿಕ್ಕಿಸಿದ ಉಪಕರಣವನ್ನು ಆಗ ಮುಟ್ಟಬಾರದೆಂಬುದು ನಿಜ. ಕೈಯಲ್ಲಿರುವ ದೂರವಾಣಿಯನ್ನು ಆರಿಸಿದರೆ ಎಚ್ಚರಿಕೆಯ ಬಾಯನ್ನೇ ಕಟ್ಟಿದಂತಾಗುವುದು.

ಗೋಪುರದ ಭಯ

ಇನ್ನು ಗೋಪುರದ ವಿಚಾರ. ಊರ ಹತ್ತಿರ ಮೊಬೈಲು ಗೋಪುರವನ್ನು ನಿಲ್ಲಿಸುವ ಮಾತು ಬಂದಾಗ, ಅದರಿಂದ ಅರ್ಬುದರೋಗ ಬರುವುದೆಂದೂ, ತೆಂಗಿನ ಎಳೆಗಾಯಿ ಉದುರುವುದೆಂದೂ, ಜೇನೂ ಗುಬ್ಬಿಯೂ ಕಾಣೆಯಾಗುವುವೆಂದೂ ಆಕ್ಷೇಪಣೆಗಳು ಏಳುತ್ತವೆ. ಇವುಗಳನ್ನು ಅಜ್ಞಾನವೆಂದು ಹಳಿದು ತಳ್ಳಿಹಾಕುವುದು ಸರಿಯಲ್ಲ. ತನ್ನ ಮಕ್ಕಳ ಆರೋಗ್ಯದ ವಿಷಯದಲ್ಲಿ ಪ್ರಶ್ನೆ ಕೇಳುವವನಿಗೆ ಉತ್ತರ ಹೇಳುವುದು ಬಲ್ಲವರ ಕರ್ತವ್ಯ.

ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ೨೦೧೧ರಲ್ಲಿ ರೇಡಿಯೋ ಅಲೆಗಳನ್ನು ‘ಅರ್ಬುದಕ್ಕೆ ಕಾರಣವಾಗಬಹುದಾದವು’ ಎಂಬ ೨-ಬಿ ವರ್ಗದಲ್ಲಿ ಇಟ್ಟಿತು. ಸಾಕ್ಷ್ಯವು ಅಲ್ಪವಾಗಿದೆ, ಆದರೂ ಸಂದೇಹವು ಪೂರ್ಣವಾಗಿ ನಿವಾರಣೆಯಾಗಿಲ್ಲವೆಂಬುದೇ ಇದರ ಅರ್ಥ. ಅದೇ ಸಂಸ್ಥೆಯು ೨೦೧೫ರಲ್ಲಿ ಮೆಲಾಥಿಯಾನ್ ಕೀಟನಾಶಕವನ್ನು ಇದಕ್ಕಿಂತ ಒಂದು ಮೆಟ್ಟಿಲು ಮೇಲಿನ ೨-ಎ ವರ್ಗದಲ್ಲಿ ಇಟ್ಟಿದೆ. ಸೂರ್ಯನ ಕಿರಣಗಳನ್ನಾದರೋ ೧೯೯೨ರಲ್ಲಿಯೇ ಒಂದನೆಯ ವರ್ಗದಲ್ಲಿ, ಎಂದರೆ ನಿಸ್ಸಂದೇಹವಾಗಿ ಅರ್ಬುದಕಾರಕವೆಂಬ ವರ್ಗದಲ್ಲಿ ಸೇರಿಸಿದೆ. ಈ ವರ್ಗಗಳು ಸಾಕ್ಷ್ಯದ ದಾರ್ಢ್ಯವನ್ನು ಹೇಳುತ್ತವೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ ಎಂಬುದನ್ನು ಮರೆಯಬಾರದು. ಆದರೂ, ಬಾಯಿಗೆ ಬಟ್ಟೆಯೂ ಇಲ್ಲದೆ ಔಷಧಿ ಸಿಂಪಡಿಸುವವನು ಗೋಪುರವನ್ನು ಮಾತ್ರ ಬೆರಳು ಮಾಡಿ ತೋರಿಸುವುದು ಎಷ್ಟು ಸಮಂಜಸವೆಂಬುದನ್ನು ವಾಚಕರೇ ಆಲೋಚಿಸಬೇಕು.

ಅಲೆಯ ಬಲವು ದೂರವಾದಂತೆ ಬೇಗನೆ ಕುಗ್ಗುತ್ತದೆ. ದೂರವು ಎರಡರಷ್ಟಾದರೆ ಬಲವು ನಾಲ್ಕನೆಯ ಒಂದು ಪಾಲಿಗೂ, ಹತ್ತರಷ್ಟಾದರೆ ನೂರನೆಯ ಒಂದು ಪಾಲಿಗೂ ಇಳಿಯುತ್ತದೆ. ಗೋಪುರವು ನೂರು ಮೀಟರು ದೂರದಲ್ಲಿದ್ದರೆ, ಕಿವಿಗೆ ಒತ್ತಿಕೊಂಡ ದೂರವಾಣಿಯು ಒಂದು ಅಂಗುಲವೂ ದೂರವಿಲ್ಲ. ಆದುದರಿಂದ ಮಾತನಾಡುವವನ ತಲೆಗೆ ತಾಗುವ ಅಲೆಗಳಲ್ಲಿ ಹೆಚ್ಚು ಪಾಲು ಕೈಯಲ್ಲಿರುವ ಉಪಕರಣದಿಂದಲೇ ಬರುತ್ತದೆ. ಇದಲ್ಲದೆ ಇನ್ನೊಂದು ವಿಶೇಷವುಂಟು. ಗೋಪುರವು ದೂರವಿದ್ದು ಸಂಕೇತವು ದುರ್ಬಲವಾಗಿರುವಲ್ಲಿ, ದೂರವಾಣಿಯು ಅದನ್ನು ಮುಟ್ಟುವುದಕ್ಕಾಗಿ ತನ್ನ ಬಲವನ್ನು ಹೆಚ್ಚಿಸಿಕೊಳ್ಳುತ್ತದೆ. ಗೋಪುರ ಬೇಡವೆಂದು ಹಟ ಹಿಡಿದು, ದೂರವಾಣಿಯನ್ನು ಮಾತ್ರ ಬಿಡದ ಊರಿನವರು ತಮಗೆ ಬೇಡವಾದ ಅಲೆಯನ್ನು ತಮ್ಮ ಕಿವಿಯ ಬಳಿಯಲ್ಲಿಯೇ ಬೆಳೆಸಿಕೊಂಡಂತಾಯಿತು.

ನಮ್ಮ ಸರ್ಕಾರವು ೨೦೧೨ರ ಸೆಪ್ಟೆಂಬರ್ ೧ರಿಂದ ಗೋಪುರಗಳ ಅಲೆಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. ಗೋಪುರಗಳ ಸಮಾಚಾರವನ್ನು ಜನರೇ ನೋಡಿಕೊಳ್ಳುವುದಕ್ಕೂ, ಶುಲ್ಕ ಕೊಟ್ಟು ಅಳತೆ ಮಾಡಿಸುವುದಕ್ಕೂ ೨೦೧೭ರಲ್ಲಿ ‘ತರಂಗ್ ಸಂಚಾರ್’ ಎಂಬ ವ್ಯವಸ್ಥೆಯು ಏರ್ಪಟ್ಟಿತು. ಸಂದೇಹವಿರುವ ಪಂಚಾಯಿತಿಯವರು ಗೊತ್ತುವಳಿಯನ್ನು ಮಾಡುವ ಮೊದಲು ಅಳತೆಯನ್ನು ಕೇಳಲಿ. ಗೋಪುರದ ಜನರೇಟರಿನ ಹೊಗೆ ಮತ್ತು ಸದ್ದು, ಜಮೀನಿನ ಬಾಡಿಗೆ, ಕಟ್ಟಡದ ಭದ್ರತೆ, ಇವುಗಳ ವಿಷಯದ ಆಕ್ಷೇಪಣೆಗಳು ಬೇರೆ. ಅವು ನ್ಯಾಯವಾದವೇ ಆಗಿರಬಹುದು. ಅವನ್ನು ಅವುಗಳ ಹೆಸರಿನಿಂದಲೇ ಎತ್ತಬೇಕಲ್ಲದೆ ರೋಗದ ಭಯದ ಮುಸುಕಿನಲ್ಲಿ ಎತ್ತಬಾರದು.

ಬೆಳೆಯ ವಿಷಯದಲ್ಲಿ ಈ ತಪ್ಪು ತಿಳಿವಳಿಕೆಯಿಂದಾಗುವ ನಷ್ಟವು ಇನ್ನೂ ಪ್ರತ್ಯಕ್ಷ. ತೆಂಗಿನ ಎಳೆಗಾಯಿ ಉದುರುವುದಕ್ಕೆ ನೀರಿನ ಕೊರತೆ, ಪೊಟ್ಯಾಷ್ ಮತ್ತು ಬೋರಾನಿನ ಕೊರತೆ, ನುಸಿಯ ಬಾಧೆ ಮೊದಲಾದ ಕಾರಣಗಳು ಚೆನ್ನಾಗಿ ಗೊತ್ತಾಗಿವೆ. ನುಸಿಯು ಭಾರತದಲ್ಲಿ ಮೊದಲು ಕಂಡದ್ದು ೧೯೯೮ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ತೆಂಗಿನ ಗರಿಯ ರಸ ಹೀರುವ ಸುರುಳಿ ಬಿಳಿನೊಣವು ಕಂಡದ್ದು ೨೦೧೬ರಲ್ಲಿ. ಈ ಪಿಡುಗುಗಳು ಹರಡಿದ ವರ್ಷಗಳೂ ಹಳ್ಳಿಗಳಲ್ಲಿ ಗೋಪುರಗಳು ಎದ್ದ ವರ್ಷಗಳೂ ಒಂದಕ್ಕೊಂದು ಹತ್ತಿರವಾದವು. ಆದುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಕಂಡಿತು. ಹಾಗೆಯೇ, ದಕ್ಷಿಣ ಭಾರತದ ತುಡುವೆ ಜೇನುಕುಟುಂಬಗಳು ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗದಿಂದ ನಾಶವಾದದ್ದು ೧೯೯೧-೯೨ರಲ್ಲಿ. ಭಾರತದಲ್ಲಿ ಮೊಬೈಲು ಸೇವೆಯು ಆರಂಭವಾದದ್ದೇ ೧೯೯೫ರಲ್ಲಿ! ಜೇನು ಮತ್ತು ಪಕ್ಷಿಗಳ ಮೇಲೆ ಅಲೆಗಳ ಪರಿಣಾಮವನ್ನು ಕುರಿತ ಸಂಶೋಧನೆ ನಡೆಯುತ್ತಲೇ ಇರಬೇಕು. ಆದರೆ ಗೋಪುರವನ್ನು ದೂರುತ್ತ ಕುಳಿತ ರೈತನು ತನ್ನ ಮರದ ಗೊನೆಯನ್ನು ಪರೀಕ್ಷಿಸುವುದಿಲ್ಲ, ಮಣ್ಣನ್ನು ಪರೀಕ್ಷೆಗೆ ಕಳುಹಿಸುವುದಿಲ್ಲ. ಅಷ್ಟರಲ್ಲಿ ನುಸಿಯು ಪಕ್ಕದ ತೋಟವನ್ನು ಸೇರುತ್ತದೆ.

ನಿಜವಾದ ಅಪಾಯಗಳು

ಬೇಸಾಯಗಾರನಿಗೆ ಅತ್ಯಂತ ಹತ್ತಿರದ ಅಪಾಯವು ಅವನ ಪರಮೋಪಕಾರಿಯಾದ ಸೂರ್ಯನಲ್ಲಿಯೇ ಇದೆ. ಅತಿನೇರಳೆ ಕಿರಣಗಳು ಅಲ್ಪ ಪ್ರಮಾಣದಲ್ಲಿ ಮೈಗೆ ಹಿತ. ಡಿ ಜೀವಸತ್ವವು ಅವುಗಳಿಂದಲೇ ಉತ್ಪತ್ತಿಯಾಗುತ್ತದೆ. ಅಧಿಕವಾದರೆ ಅವು ಚರ್ಮವನ್ನೂ ಕಣ್ಣನ್ನೂ ಕೆಡಿಸುತ್ತವೆ. ನಮ್ಮ ಜನರ ಮೈಬಣ್ಣವು ಚರ್ಮಕ್ಕೆ ಬಹುಮಟ್ಟಿನ ರಕ್ಷಣೆಯನ್ನು ಕೊಡುವುದರಿಂದ, ಬಿಳಿಯ ಜನರಲ್ಲಿರುವಷ್ಟು ಚರ್ಮದ ಅರ್ಬುದರೋಗವು ನಮ್ಮಲ್ಲಿಲ್ಲ. ಕಣ್ಣಿಗಾದರೋ ಅಂಥ ಕವಚವಿಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲಿ ದುಡಿದವರಿಗೆ ಕಣ್ಣಿನ ಬಿಳಿಭಾಗದಿಂದ ಕರಿಭಾಗದ ಕಡೆಗೆ ಮಾಂಸದ ಪೊರೆಯು ಹಬ್ಬಿ ಬೆಳೆಯುತ್ತದೆ. ವಯಸ್ಸು, ಸಕ್ಕರೆಕಾಯಿಲೆ, ಹೊಗೆಸೊಪ್ಪು ಮೊದಲಾದ ಕಾರಣಗಳ ಜೊತೆಗೆ ಈ ಕಿರಣಗಳೂ ಸೇರಿ ಕಣ್ಣಿನೊಳಗಿನ ಮಸೂರವನ್ನು ಮಬ್ಬುಮಾಡುತ್ತವೆ. ಇದೇ ಕಣ್ಣಿನ ಪೊರೆ. ನಾಟಿ, ಕಳೆ, ಕೊಯ್ಲುಗಳಲ್ಲಿ ದಿನವಿಡೀ ಬಗ್ಗಿ ದುಡಿಯುವ ಕೂಲಿ ಹೆಂಗಸಿಗೆ ಕಣ್ಣು ಮಂಜಾದರೆ ಅವಳ ಸಂಪಾದನೆಯೂ ಮಂಜಾಯಿತು. ಈ ನಷ್ಟವು ಯಾವ ಊರಿನ ಗೊತ್ತುವಳಿಯಲ್ಲಿಯೂ ಕಾಣುವುದಿಲ್ಲ.

ಈ ಕಿರಣಗಳ ಬಲವನ್ನು ಅಳೆಯಲು ಒಂದು ಸೂಚ್ಯಂಕವಿದೆ. ಅದು ೩ನ್ನು ಮುಟ್ಟಿದಾಗಲೇ ಮರೆಯು ಬೇಕು. ೧೧ ಮತ್ತು ಅದಕ್ಕೆ ಮೇಲ್ಪಟ್ಟದ್ದು ಅತ್ಯಂತ ತೀವ್ರ. ನಮ್ಮ ನಾಡಿನಲ್ಲಿ ಬೇಸಗೆಯ ನಡುಹಗಲಿನಲ್ಲಿ ಅದು ೧೧ನ್ನು ದಾಟುವುದು ಅಪೂರ್ವವಲ್ಲ. ಯಂತ್ರವಿಲ್ಲದವರಿಗೆ ನೆರಳೇ ಯಂತ್ರ: ನಿಂತವನ ನೆರಳು ಅವನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣಗಳು ತೀಕ್ಷ್ಣವಾಗಿವೆಯೆಂದು ತಿಳಿಯಬೇಕು. ತೆಳುಮೋಡವನ್ನು ನಂಬಬಾರದು, ಸೆಕೆ ಕಡಮೆಯಾಗಿದ್ದರೂ ಈ ಕಿರಣಗಳು ಅದನ್ನು ಹಾಯ್ದು ಬರುತ್ತವೆ. ಮುಂಡಾಸೂ ಸೆರಗೂ ತಲೆಯನ್ನು ಕಾಯುತ್ತವೆ, ಕಣ್ಣನ್ನು ಕಾಯುವುದಿಲ್ಲ. ಸುತ್ತಲೂ ಅಗಲವಾದ ಅಂಚುಳ್ಳ ಟೊಪ್ಪಿಗೆಯು ಕಣ್ಣಿಗೂ ಮರೆಯಾಗುತ್ತದೆ. ಕನ್ನಡಕವನ್ನು ಕೊಳ್ಳುವವರು ಗಾಜಿನ ಕಪ್ಪು ಬಣ್ಣವನ್ನು ನೋಡಿ ಮೋಸಹೋಗಬಾರದು. ಅತಿನೇರಳೆಯನ್ನು ತಡೆಯದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆಯು ಅಗಲವಾಗಿ ತೆರೆದುಕೊಂಡು, ಕೇಡು ಹೆಚ್ಚಾಗುವ ಸಂಭವವುಂಟು. ‘ಯುವಿ ೪೦೦’ ಎಂಬ ಗುರುತನ್ನು ನೋಡಿ ಕೊಳ್ಳಬೇಕು.

ಎರಡನೆಯದು ಬೆಸುಗೆಯ ಅಂಗಡಿ. ನೇಗಿಲು, ಟ್ರಾಕ್ಟರಿನ ಕೊಂಡಿ, ಗೇಟುಗಳನ್ನು ವಿದ್ಯುತ್ತಿನಿಂದ ಬೆಸೆಯುವಾಗ ಹೊರಡುವ ಬೆಳಕಿನಲ್ಲಿ ಅತಿನೇರಳೆಯು ಅತ್ಯಧಿಕವಾಗಿರುತ್ತದೆ. ನೋಡಿದಾಗ ಏನೂ ಆಗದಂತಿದ್ದು, ಕೆಲವು ಗಂಟೆಗಳ ಮೇಲೆ, ಸಾಮಾನ್ಯವಾಗಿ ರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದಂತೆ ಉರಿಯುತ್ತದೆ. ಬೆಸೆಯುವವನಿಗೆ ಮುಖವಾಡವಿದ್ದರೂ, ಕಬ್ಬಿಣವನ್ನು ಹಿಡಿದುಕೊಂಡ ಹುಡುಗನಿಗೂ, ಕೆಲಸವನ್ನು ನೋಡುತ್ತ ನಿಂತ ರೈತನಿಗೂ ಅದು ಇರುವುದಿಲ್ಲ.

ಮೂರನೆಯವು ಗಾಮಾ ಕಿರಣಗಳು. ಇವನ್ನು ಹತೋಟಿಯಲ್ಲಿಟ್ಟರೆ ಉಪಕಾರವೇ. ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದವರು ಕಿರಣಗಳ ನೆರವಿನಿಂದ ಪಡೆದ ರೂಪಾಂತರಗಳಿಂದ ಟಿ.ಎ.ಜಿ.-೨೪ ಮೊದಲಾದ ನೆಲಗಡಲೆ ತಳಿಗಳನ್ನು ಬೆಳೆಸಿದರು. ಈರುಳ್ಳಿ ಮೊಳೆಯದಂತೆ ಕಾಪಾಡುವುದಕ್ಕೆ ನಾಸಿಕ ಜಿಲ್ಲೆಯ ಲಾಸಲಗಾಂವಿನಲ್ಲಿ ೨೦೦೨ರಲ್ಲಿ ಒಂದು ಕಿರಣಾಲಯವು ಆರಂಭವಾಯಿತು. ೨೦೦೭ರಲ್ಲಿ ನಮ್ಮ ಮಾವಿನಹಣ್ಣು ಅಮೆರಿಕಕ್ಕೆ ಮತ್ತೆ ಹೋಗಲು ಸಾಧ್ಯವಾದದ್ದೂ ಈ ಸಂಸ್ಕಾರದಿಂದಲೇ. ಹೀಗೆ ಸಂಸ್ಕರಿಸಿದ ಹಣ್ಣು ತಾನೇ ಕಿರಣಗಳನ್ನು ಸೂಸುವುದಿಲ್ಲ; ಬೆಳಕಿನಲ್ಲಿಟ್ಟ ಹಣ್ಣು ಕತ್ತಲೆಯಲ್ಲಿ ಹೊಳೆಯದಂತೆಯೇ ಇದು. ಆದರೆ ಕಿರಣದ ಮೂಲವಸ್ತುವು ಕೈತಪ್ಪಿದರೆ ಅನರ್ಥ. ೨೦೧೦ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಹಳೆಯ ಪ್ರಯೋಗಯಂತ್ರವೊಂದನ್ನು ಗುಜರಿಗೆ ಮಾರಿದಾಗ, ಅದರೊಳಗಿದ್ದ ಕೋಬಾಲ್ಟ್-೬೦ರಿಂದ ಹಲವರು ಅಸ್ವಸ್ಥರಾಗಿ ಒಬ್ಬ ಕೆಲಸಗಾರನು ತೀರಿಹೋದನು. ಹಳೆಯ ಕಬ್ಬಿಣವನ್ನು ಕೊಳ್ಳುವಾಗ ಹಳದಿಯ ಮೇಲೆ ಮೂರು ದಳಗಳ ಗುರುತು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.

ಹೊಲದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ಬಗ್ಗೆಯೂ ಒಂದು ಮಾತು. ಅವುಗಳಿಂದ ಬರುವ ಅಲೆಗಿಂತ ಸಾವಿರಪಾಲು ಭಯಂಕರವಾದದ್ದು ಅವುಗಳ ಸ್ಪರ್ಶ. ಅಡಕೆ ಕೊಯ್ಯಲು ಈಗ ಬಳಕೆಗೆ ಬಂದಿರುವ ಉದ್ದನೆಯ ದೋಟಿಯು ಅಲ್ಯೂಮಿನಿಯಮ್ಮಿನದಾಗಲಿ ಕಾರ್ಬನ್ ನಾರಿನದಾಗಲಿ ವಿದ್ಯುತ್ತನ್ನು ಹರಿಯಗೊಡುತ್ತದೆ. ತಂತಿಯ ಹತ್ತಿರದ ಮರಕ್ಕೆ ಅದನ್ನು ಎತ್ತುವ ಮೊದಲು ಎರಡು ಸಲ ಮೇಲಕ್ಕೆ ನೋಡಬೇಕು.

ಮಾಡತಕ್ಕದ್ದು

ಇವುಗಳಿಂದ ನಮ್ಮ ಅಭಿಪ್ರಾಯವು ಇಷ್ಟು. ರೈತ ಸಂಪರ್ಕ ಕೇಂದ್ರಗಳ ತರಬೇತಿಗಳಲ್ಲಿ ಸಿಂಪಡಣೆಯ ಮುಖವಾಡ ಕೈಚೀಲಗಳಿಗೆ ಕೊಡುವ ಪ್ರಾಮುಖ್ಯವನ್ನು ಅಂಚುಟೊಪ್ಪಿಗೆಗೂ ಕಣ್ಣಿನ ರಕ್ಷಣೆಗೂ ಕೊಡಬೇಕು. ನೇತ್ರ ಪರೀಕ್ಷೆಯನ್ನು ಕೃಷಿ ಮೇಳಗಳ ಒಂದು ಭಾಗವನ್ನಾಗಿ ಮಾಡಬೇಕು. ಬೇಸಗೆಯಲ್ಲಿ ಕೂಲಿಯ ಹೊತ್ತನ್ನು ಬೆಳಗ್ಗೆ ಬೇಗನೆ ಆರಂಭಿಸಿ, ನಡುಹಗಲನ್ನು ವಿರಾಮಕ್ಕೆ ಬಿಡುವ ಹಿಂದಿನವರ ಪದ್ಧತಿಯನ್ನು ಜಮೀನಿನ ಒಡೆಯರು ಮತ್ತೆ ಹಿಡಿಯಬೇಕು. ಗೋಪುರದ ಪಕ್ಕದ ತೋಟದಲ್ಲಿ ಇಳುವರಿ ಕುಗ್ಗಿದೆಯೆಂಬ ದೂರು ಬಂದರೆ, ಇಲಾಖೆಯವರು ನಕ್ಕು ಸುಮ್ಮನಾಗದೆ ಸ್ಥಳಕ್ಕೆ ಹೋಗಿ ಗೊನೆ, ಬೇರು, ಮಣ್ಣುಗಳನ್ನು ಪರೀಕ್ಷಿಸಿ, ಕಂಡ ಕಾರಣವನ್ನು ಊರಿನವರ ಮುಂದೆ ಹೇಳಬೇಕು. ಪಂಚಾಯಿತಿಯವರು ಅಳತೆಯಿಲ್ಲದೆ ಗೋಪುರವನ್ನು ನಿರಾಕರಿಸಲೂ ಬಾರದು, ಅಳತೆಯನ್ನು ಕೇಳುವ ಹಕ್ಕನ್ನು ಬಿಟ್ಟುಕೊಡಲೂ ಬಾರದು.

ಹಗ್ಗವನ್ನು ಹಾವೆಂದು ತಿಳಿದು ಓಡುವುದರಿಂದ ಆಗುವ ನಷ್ಟ ಸ್ವಲ್ಪ. ಆ ಓಟದಲ್ಲಿ ನಿಜವಾದ ಹಾವನ್ನು ತುಳಿದರೆ ಆಗುವ ನಷ್ಟ ಬಹಳ. ಗೊಬ್ಬರವನ್ನೂ ನೀರನ್ನೂ ಅಳೆದು ಕೊಡುವ ವಿವೇಕವು ನಮ್ಮ ಬೇಸಾಯಗಾರರಿಗೆ ಹೊಸದಲ್ಲ. ಅದೇ ವಿವೇಕದಿಂದ ಅವರು ತಮ್ಮ ಭಯವನ್ನೂ ಅಳೆದು, ಬೇಕಾದಲ್ಲಿ ಬೇಕಾದಷ್ಟನ್ನು ಮಾತ್ರ ವೆಚ್ಚಮಾಡಿ, ತಮ್ಮ ಮತ್ತು ತಮ್ಮಲ್ಲಿ ದುಡಿಯುವವರ ಕಣ್ಣುಗಳನ್ನು ಕಾಪಾಡಿಕೊಳ್ಳುವರೆಂದು ನಂಬುತ್ತೇವೆ.